ಅಲೆಯಂಚಿನಲ್ಲಿ ಓಡುವ ಹಕ್ಕಿಗಳು: ಕಡಲ ತೀರದ ಗೊರವಗಳನ್ನು ನೋಡುವುದು, ಫೋಟೊ ತೆಗೆಯುವುದು ಹೇಗೆ?

ಚಳಿಗಾಲದ ರಜೆ ಬಂತೆಂದರೆ ಕಾರವಾರದಿಂದ ಉಳ್ಳಾಲದವರೆಗೆ ಕಡಲ ದಂಡೆಯ ತುಂಬ ಜನ. ಈಚೆಗೆ ಆ ಜನರ ನಡುವೆ ಉದ್ದ ಲೆನ್ಸ್ ಹೊತ್ತವರೂ ಸೇರಿಕೊಂಡಿದ್ದಾರೆ. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ ಓಡಿ, ಮುಂದಿನ ಅಲೆ ಬರುವಷ್ಟರಲ್ಲಿ ತಿರುಗಿ ಓಡುವ ಪುಟ್ಟ ಬಿಳಿ ಹಕ್ಕಿಗಳ ವಿಡಿಯೊ ಮೊಬೈಲಿನಲ್ಲಿ ಎಲ್ಲರೂ ಒಮ್ಮೆಯಾದರೂ ನೋಡಿರುತ್ತೀರಿ. ಎಷ್ಟೋ ವಿಡಿಯೊಗಳಲ್ಲಿ ಅದೇ ಹಕ್ಕಿಗಳ ಮೇಲೆ ಮಕ್ಕಳು ಓಡಿ ಬರುತ್ತಾರೆ, ಗುಂಪು ಬುರ್ರನೆ ಹಾರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

2024ರಲ್ಲಿ ಬಂದ ಎರಡು ಸುದ್ದಿಗಳು ಈ ಹಕ್ಕಿಗಳನ್ನು ಮಾತಿನ ನಡುವೆ ತಂದವು. ಜನವರಿಯಲ್ಲಿ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ರಾಮ್ಸಾರ್ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ್ದು ಪ್ರಕಟವಾಯಿತು. ಅಕ್ಟೋಬರಿನಲ್ಲಿ, ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟೆಂದು ಹೇಳುವ ಜಾಗತಿಕ ಕೆಂಪುಪಟ್ಟಿ ಪರಿಷ್ಕರಣೆಯಾದಾಗ 16 ಜಾತಿಯ ವಲಸೆ ತೀರಹಕ್ಕಿಗಳು ಮೊದಲಿಗಿಂತ ಹೆಚ್ಚು ಅಪಾಯದ ವರ್ಗಕ್ಕೆ ಜಾರಿದವು. ಅವುಗಳಲ್ಲಿ ಗ್ರೇ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್, ಡನ್ಲಿನ್, ರಡ್ಡಿ ಟರ್ನ್‌ಸ್ಟೋನ್ ನಮ್ಮ ತೀರಗಳಿಗೂ ಬರುವ ಹಕ್ಕಿಗಳು.

ಹಾಗಾದರೆ ಇವು ಯಾವ ಹಕ್ಕಿಗಳು, ಎಲ್ಲಿಂದ ಬರುತ್ತವೆ, ಯಾವ ಹೊತ್ತಿಗೆ ಹೋದರೆ ಕಾಣುತ್ತವೆ? ಕ್ಯಾಮೆರಾ ಇದ್ದವರು ಅವುಗಳ ಹೊಟ್ಟೆಗೆ ಹೊಡೆಯದೆ ಫೋಟೊ ತೆಗೆಯುವುದು ಹೇಗೆ? ಬುಡದಿಂದಲೇ ನೋಡೋಣ.

ತೀರದ ಹಕ್ಕಿ ಅಂದರೆ ಯಾವುದು?

ಕಡಲ ದಂಡೆಯಲ್ಲಿ ಕಾಣುವ ಹಕ್ಕಿಗಳೆಲ್ಲ ಒಂದೇ ಬಳಗದವಲ್ಲ. ದೋಣಿಯ ಹಿಂದೆ ಕಿರುಚುತ್ತ ಹಾರುವ ಕಡಲಕಾಗೆಗಳು, ಮೇಲಿಂದ ನೀರಿಗೆ ಬಾಣದಂತೆ ಬೀಳುವ ರೀವಗಳು, ಕಲ್ಲಿನ ಮೇಲೆ ತಪಸ್ಸಿಗೆ ನಿಂತ ಬೆಳ್ಳಕ್ಕಿಗಳು, ಬಲೆಯ ಮೇಲೆ ಕಣ್ಣಿಟ್ಟ ಗರುಡ, ಎಲ್ಲವೂ ಅಲ್ಲಿವೆ. ಈ ಲೇಖನದ ವಿಷಯ ಅವಲ್ಲ. ನೀರು ಮತ್ತು ನೆಲ ಸೇರುವ ಗೆರೆಯಲ್ಲಿ ನಡೆದಾಡುತ್ತ ಮರಳಿಗೆ, ಕೆಸರಿಗೆ ಕೊಕ್ಕು ಹಾಕಿ ತಿನ್ನುವ, ಈಜದ, ಬಹುತೇಕ ಕಂದು-ಬೂದು-ಬಿಳಿ ಬಣ್ಣದ ಹಕ್ಕಿಗಳು ಇಲ್ಲಿ ಮುಖ್ಯ. ಕನ್ನಡದಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಒಟ್ಟಾಗಿ ಗೊರವಗಳು ಎನ್ನುತ್ತೇವೆ. ಹೊಲದ ಬದುವಿನಲ್ಲಿ ರಾತ್ರಿಯೆಲ್ಲ ಕೂಗುವ ಟಿಟ್ಟಿಭವೂ ಈ ಬಳಗದ ನೆಂಟನೇ.

ನೋಡುವವರಿಗೆ ಎರಡು ಕುಟುಂಬಗಳ ಪರಿಚಯ ಸಾಕು: ಪ್ಲವರ್‌ಗಳು ಮತ್ತು ಸ್ಯಾಂಡ್‌ಪೈಪರ್‌ಗಳು. ಪ್ಲವರ್‌ಗೆ ಗುಂಡು ತಲೆ, ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಅದು ಕಣ್ಣಿನಿಂದ ಬೇಟೆ ಹುಡುಕುತ್ತದೆ. ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ನೋಡಿ, ಕುಕ್ಕಿ, ಮತ್ತೆ ಓಡುತ್ತದೆ. ಸ್ಯಾಂಡ್‌ಪೈಪರ್‌ಗೆ ಕೊಕ್ಕು ಉದ್ದ, ಕಣ್ಣು ಚಿಕ್ಕದು. ಅದು ನಿಲ್ಲದೆ ನಡೆಯುತ್ತ, ಹೊಲಿಗೆ ಹಾಕಿದ ಹಾಗೆ ಕೊಕ್ಕನ್ನು ಕೆಸರಿಗೆ ಚುಚ್ಚುತ್ತ ಹೋಗುತ್ತದೆ. ಬಣ್ಣವೇ ಕಾಣದಷ್ಟು ದೂರದಲ್ಲಿದ್ದರೂ ಈ ನಡಿಗೆಯಿಂದಲೇ ಯಾವುದು ಯಾವ ಮನೆಯದು ಎಂದು ಹೇಳಿಬಿಡಬಹುದು.

ಅಷ್ಟು ದೂರದಿಂದ ಇಲ್ಲಿಗೇಕೆ?

ನಮ್ಮ ದಂಡೆಯ ಗೊರವಗಳಲ್ಲಿ ಬಹುಪಾಲು ಇಲ್ಲಿ ಮೊಟ್ಟೆ ಇಡುವುದಿಲ್ಲ. ಅಲೆಯೊಂದಿಗೆ ಓಡುವ ಆ ಪುಟ್ಟ ಬಿಳಿ ಹಕ್ಕಿ, ಸ್ಯಾಂಡರ್ಲಿಂಗ್, ಹುಟ್ಟುವುದು ಉತ್ತರ ಧ್ರುವದ ಸುತ್ತಲಿನ ಮರವಿಲ್ಲದ ಬಯಲಿನಲ್ಲಿ. ಕರ್ಲ್ಯೂ ಸ್ಯಾಂಡ್‌ಪೈಪರ್ ಸೈಬೀರಿಯಾದ ಉತ್ತರದ ಅಂಚಿನದು. ಗುಬ್ಬಚ್ಚಿಯಷ್ಟೇ ತೂಗುವ, ಸುಮಾರು 25 ಗ್ರಾಮಿನ ಲಿಟ್ಲ್ ಸ್ಟಿಂಟ್ ಕೂಡ ಆ ಕಡೆಯದೇ. ನಮ್ಮಲ್ಲಿ ಬಹಳ ಸಾಮಾನ್ಯವಾದ ಸಣ್ಣ ಸ್ಯಾಂಡ್ ಪ್ಲವರ್ ಮಾತ್ರ ಬೇರೆ ದಾರಿಯದು: ಟಿಬೆಟ್, ಲಡಾಖಿನ ಎತ್ತರದ ಬಯಲುಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಕಡಲಿಗೆ ಇಳಿಯುತ್ತದೆ.

ಧ್ರುವದ ಬೇಸಿಗೆ ಚಿಕ್ಕದು, ಆದರೆ ಭಾರಿ ಸಮೃದ್ಧ. ಕತ್ತಲೆಯೇ ಆಗದ ದಿನಗಳು, ಎಲ್ಲೆಲ್ಲೂ ಸೊಳ್ಳೆ-ನೊಣಗಳು. ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಮರಿ ತಾನೇ ಎದ್ದು ನಡೆದು ಹುಳ ಹಿಡಿಯುತ್ತದೆ. ತಾಯಿ ಬಾಯಿಗೆ ತಿನ್ನಿಸುವ ಪದ್ಧತಿ ಇವುಗಳಲ್ಲಿಲ್ಲ. ಕೆಲವೇ ವಾರಗಳಲ್ಲಿ ಆ ಹಬ್ಬ ಮುಗಿದು ನೆಲ ಹೆಪ್ಪುಗಟ್ಟಲು ಶುರು. ಹೆಪ್ಪುಗಟ್ಟಿದ ನೆಲಕ್ಕೆ ಕೊಕ್ಕು ಇಳಿಯದು. ಹಾಗಾಗಿ ಎಂದೂ ಹೆಪ್ಪುಗಟ್ಟದ ಉಷ್ಣವಲಯದ ಕೆಸರು ಮತ್ತು ಮರಳಿನತ್ತ ಅವು ಹೊರಡುತ್ತವೆ. ಎಷ್ಟೋ ಜಾತಿಗಳಲ್ಲಿ ದೊಡ್ಡವು ಮೊದಲೇ ಹೊರಟುಬಿಡುತ್ತವೆ. ಮರಿಗಳು ಹಿಂದಿನಿಂದ, ದಾರಿ ತೋರಿಸುವವರಿಲ್ಲದೆ, ಮೊದಲ ಸಲ ಹಾರಿ ಬಂದು ಸರಿಯಾದ ಕಡಲಿಗೇ ಇಳಿಯುತ್ತವೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಬೆರಗಿನದು ಇದೇ.

ಉತ್ತರ ಧ್ರುವದ ಕಡೆಯಿಂದ ಹಿಂದೂ ಮಹಾಸಾಗರದವರೆಗೆ, ಸುಮಾರು 30 ದೇಶಗಳ ಮೇಲೆ ಹಾದುಹೋಗುವ ಈ ವಲಸೆ ದಾರಿಯನ್ನು ಮಧ್ಯ ಏಷ್ಯಾ ಹಾರುಹಾದಿ ಎನ್ನುತ್ತಾರೆ. ಅರಬ್ಬಿ ಸಮುದ್ರದ ನಮ್ಮ ದಂಡೆ ಅದರ ಒಂದು ತುಣುಕು.

ಇಷ್ಟು ದೂರ ಹಾರಲು ಬೇಕಾದ ಇಂಧನ ಕೊಬ್ಬು. ಪ್ರಯಾಣಕ್ಕೆ ಮುಂಚೆ ಕೆಲವು ಗೊರವಗಳು ತಿಂದು ತಿಂದು ತಮ್ಮ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಬಾರ್-ಟೇಲ್ಡ್ ಗಾಡ್ವಿಟ್ ಎಂಬ ಹಕ್ಕಿಯಂತೂ ಹಾರುವ ಮುನ್ನ ತನ್ನ ಜೀರ್ಣಾಂಗಗಳನ್ನೇ ಕುಗ್ಗಿಸಿಕೊಳ್ಳುತ್ತದೆ. ದಾರಿಯಲ್ಲಿ ಊಟವಿಲ್ಲದ ಮೇಲೆ ಹೊಟ್ಟೆಯ ಭಾರ ಯಾಕೆ? 2022ರ ಅಕ್ಟೋಬರಿನಲ್ಲಿ ಉಪಗ್ರಹ ಸಾಧನ ಕಟ್ಟಿದ್ದ ಇದೇ ಜಾತಿಯ ಎಳೆಯ ಹಕ್ಕಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನಗಳಲ್ಲಿ, ಎಲ್ಲೂ ಇಳಿಯದೆ, 13,560 ಕಿ.ಮೀ. ಹಾರಿತು. ಅದು ಶಾಂತ ಸಾಗರದ ಮೇಲಿನ ದಾರಿ, ನಮ್ಮದಲ್ಲ. ಆದರೆ ಗಾಡ್ವಿಟ್‌ಗಳು ನಮ್ಮ ಅಳಿವೆಗಳಿಗೂ ಬರುತ್ತವೆ.

ಎಲ್ಲಕ್ಕಿಂತ ಮೊದಲು ಉಬ್ಬರ-ಇಳಿತ

ಹಕ್ಕಿ ನೋಡಲು ಬೆಳಗ್ಗೆ ಬೇಗ ಏಳಬೇಕು ಎನ್ನುವುದು ಕಾಡಿಗೂ ಕೆರೆಗೂ ಸರಿ. ಕಡಲ ತೀರದಲ್ಲಿ ಹಕ್ಕಿಯ ದಿನಚರಿ ಬರೆಯುವುದು ಸೂರ್ಯನಿಗಿಂತ ಹೆಚ್ಚಾಗಿ ಚಂದ್ರ. ಇದೊಂದು ಅರ್ಥವಾದರೆ ಉಳಿದದ್ದು ಅರ್ಧ ಸಲೀಸು.

ಚಂದ್ರನ ಮತ್ತು ಸ್ವಲ್ಪ ಮಟ್ಟಿಗೆ ಸೂರ್ಯನ ಸೆಳೆತದಿಂದ ಕಡಲ ನೀರು ನಮ್ಮ ಕರಾವಳಿಯಲ್ಲಿ ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದು ಬೆಳಗ್ಗೆ 6ಕ್ಕೆ ಇಳಿತ ಇದ್ದರೆ ನಾಳೆ 6:50ರ ಸುಮಾರಿಗೆ ಇರುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಚಂದ್ರ-ಸೂರ್ಯರ ಸೆಳೆತ ಒಂದೇ ಗೆರೆಯಲ್ಲಿ ಸೇರಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಈ ಏರಿಳಿತ ಸಣ್ಣದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರಿಳಿಯುವುದುಂಟು. ನಮ್ಮಲ್ಲಿ ಒಂದೆರಡು ಮೀಟರ್ ಅಷ್ಟೇ. ಆದರೂ ಅಳಿವೆಯ ನೆಲ ಎಷ್ಟು ಸಪಾಟೆಂದರೆ ನೀರು ಒಂದು ಮೀಟರ್ ಇಳಿದರೂ ಎಕರೆಗಟ್ಟಲೆ ಕೆಸರು ಬಯಲಾಗುತ್ತದೆ.

ಆ ಕೆಸರೇ ಹಕ್ಕಿಗಳ ಊಟ. ದೇವಸ್ಥಾನದ ಭೋಜನಶಾಲೆಯನ್ನು ನೆನೆದುಕೊಳ್ಳಿ. ದಿನಕ್ಕೆರಡು ಹೊತ್ತು ಬಾಗಿಲು ತೆರೆಯುತ್ತದೆ, ಪಂಕ್ತಿ ಕೂರುತ್ತದೆ, ಹೊತ್ತು ಮುಗಿದರೆ ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದವರಿಗೆ, ನಡುವೆ ಎಬ್ಬಿಸಿ ಕಳಿಸಿದವರಿಗೆ ಮುಂದಿನ ಪಂಕ್ತಿಯೇ ಗತಿ. ಇಳಿತ ಎಂದರೆ ಬಾಗಿಲು ತೆರೆದ ಹೊತ್ತು. ಅದು ನಡುರಾತ್ರಿಗೆ ಬಂದರೆ ಗೊರವಗಳು ನಡುರಾತ್ರಿಯಲ್ಲೇ ತಿನ್ನುತ್ತವೆ. ನಾವು ಹಗಲಿನಲ್ಲಿ ನೋಡುವುದು ಅವುಗಳ ಅರ್ಧ ಬದುಕನ್ನು ಮಾತ್ರ.

ಉಬ್ಬರದಲ್ಲಿ ಕೆಸರು ಮುಳುಗಿದಾಗ ಅವು ನೀರು ಮುಟ್ಟದ ಮರಳ ದಿಬ್ಬ, ಕಲ್ಲು, ಹಳೆಯ ದೋಣಿ, ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಕಟ್ಟೆಗಳ ಮೇಲೆ ಒತ್ತೊತ್ತಾಗಿ ನಿಂತು ವಿಶ್ರಮಿಸುತ್ತವೆ. ಒಂದು ಕಾಲನ್ನು ಹೊಟ್ಟೆಗೆ ಸೇರಿಸಿ, ಕೊಕ್ಕನ್ನು ಬೆನ್ನ ಗರಿಗಳಲ್ಲಿ ಹೂತು ನಿಲ್ಲುತ್ತವೆ. ಗರಿಯಿಲ್ಲದ ಭಾಗಗಳಿಂದ ಶಾಖ ಸೋರಿಹೋಗದಿರಲು ಈ ಭಂಗಿ. ಎಲ್ಲವೂ ಗಾಳಿಗೆ ಮುಖ ಮಾಡಿರುತ್ತವೆ. ಬೆನ್ನಿಗೆ ಗಾಳಿ ಬಡಿದರೆ ಗರಿ ಕೆದರಿಹೋಗುತ್ತದೆ.

ನೋಡಲು ಹೋಗುವವರಿಗೆ ಇದರ ಅರ್ಥ ಹೀಗೆ. ಪೂರ್ತಿ ಇಳಿತದ ಹೊತ್ತಿಗೆ ಹೋದರೆ ಹಕ್ಕಿಗಳು ಕೆಸರಿನ ಆ ತುದಿಗೆ ಚದುರಿಹೋಗಿರುತ್ತವೆ, ಕಣ್ಣಿಗೆ ಚುಕ್ಕೆಗಳು. ಪೂರ್ತಿ ಉಬ್ಬರಕ್ಕೆ ಹೋದರೆ ನಿದ್ದೆಹೋದವರ ಗುಂಪು. ನೀರು ಏರತೊಡಗಿದ ಮೊದಲ ಎರಡು ಮೂರು ಗಂಟೆ ಚಿನ್ನದಂಥವು. ನೀರು ಹಕ್ಕಿಗಳನ್ನು ತಾನಾಗಿಯೇ ದಂಡೆಯತ್ತ, ನಿಮ್ಮತ್ತ, ತಳ್ಳಿಕೊಂಡು ಬರುತ್ತದೆ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಹುಣ್ಣಿಮೆ-ಅಮಾವಾಸ್ಯೆಯ ಹತ್ತಿರದ ದಿನಗಳಲ್ಲಿ ಬೆಳಗಿನ ಜಾವಕ್ಕೆ ಇಳಿತ ಬಿದ್ದು, ಸೂರ್ಯ ಹುಟ್ಟುವ ಹೊತ್ತಿಗೆ ನೀರು ಏರುತ್ತಿರುತ್ತದೆ. ಎಂದರೆ ಬೆಳಕು ಮತ್ತು ನೀರು ಎರಡೂ ಒಟ್ಟಿಗೆ ಒದಗುವ ದಿನಗಳು ಅವು. ಖಚಿತ ಸಮಯಕ್ಕೆ ಮೊಬೈಲಿನಲ್ಲಿ ಸಿಗುವ ಉಬ್ಬರ-ಇಳಿತದ ಪಟ್ಟಿ ನೋಡಿ. ಇನ್ನೂ ಒಳ್ಳೆಯದು, ದೋಣಿ ಹತ್ತಿರ ಬಲೆ ಬಿಡಿಸುತ್ತ ಕೂತವರನ್ನು ಕೇಳಿ.

ಒಂದೇ ಕೆಸರಿನಲ್ಲಿ ಇಷ್ಟೊಂದು ಬಗೆ ಹೇಗೆ?

ಅಘನಾಶಿನಿಯ ಕೆಸರು ಬಯಲಿನಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಬೆಳಚು, ಎಂದರೆ ತಿನ್ನುವ ಚಿಪ್ಪು, ಹೆಕ್ಕಲು ಇಳಿಯುತ್ತಾರೆ. ಅಷ್ಟು ದೂರದಲ್ಲಿ ಅದೇ ಕೆಸರಿನಲ್ಲಿ ಹಕ್ಕಿಗಳೂ ಹೆಕ್ಕುತ್ತಿರುತ್ತವೆ. ಜಗಳವಿಲ್ಲ, ಏಕೆಂದರೆ ಕೆಸರಿನೊಳಗೆ ಹಲವು ಅಂತಸ್ತುಗಳಿವೆ. ಮೇಲ್ಪದರದಲ್ಲಿ ಸಣ್ಣ ಸಿಗಡಿಯಂಥ ಜೀವಿಗಳು, ಒಂದೆರಡು ಸೆಂಟಿಮೀಟರ್ ಕೆಳಗೆ ಎಳೆಯ ಚಿಪ್ಪುಗಳು ಮತ್ತು ಹುಳಗಳು, ಇನ್ನೂ ಆಳದ ಬಿಲಗಳಲ್ಲಿ ಏಡಿಗಳು ಮತ್ತು ಉದ್ದನೆಯ ಹುಳಗಳು.

ಯಾವ ಕೊಕ್ಕು ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಊಟ ಅಲ್ಲಿ. ಸ್ಟಿಂಟ್ ಮೇಲೆಮೇಲೆ ಕುಕ್ಕುತ್ತದೆ. ಕೆಂಪು ಕಾಲಿನ ರೆಡ್‌ಶ್ಯಾಂಕ್ ಸ್ವಲ್ಪ ಕೆಳಗೆ. ಯುರೇಷಿಯನ್ ಕರ್ಲ್ಯೂ ಎಂಬ ದೊಡ್ಡ ಗೊರವದ ಬಾಗಿದ ಕೊಕ್ಕು 15 ಸೆಂಟಿಮೀಟರಿನಷ್ಟು ಉದ್ದವಿದ್ದು, ಏಡಿಯ ಬಿಲದ ತಿರುವಿನಲ್ಲೇ ಇಳಿಯುತ್ತದೆ. ಅದರಲ್ಲಿ ಹೆಣ್ಣಿನ ಕೊಕ್ಕು ಗಂಡಿನದಕ್ಕಿಂತ ಉದ್ದ. ಟೆರೆಕ್ ಸ್ಯಾಂಡ್‌ಪೈಪರ್‌ನದು ಮೇಲಕ್ಕೆ ಬಾಗಿದ ಕೊಕ್ಕು. ಅದು ತಲೆ ತಗ್ಗಿಸಿ ಏಡಿಗಳ ಹಿಂದೆ ಓಡುವುದನ್ನು ನೋಡಿದರೆ ನಗು ಬರುತ್ತದೆ. ಟರ್ನ್‌ಸ್ಟೋನ್ ಹೆಸರಿಗೆ ತಕ್ಕಂತೆ ಕಲ್ಲು, ಚಿಪ್ಪು, ಕಡಲಕಳೆಯನ್ನು ಕೊಕ್ಕಿನಿಂದ ಮಗುಚಿ ಕೆಳಗೇನಿದೆ ಎಂದು ಹುಡುಕುತ್ತದೆ.

ಕಾಣದ ಹುಳವನ್ನು ಹುಡುಕುವುದು ಹೇಗೆ? ಸ್ಯಾಂಡ್‌ಪೈಪರ್‌ಗಳ ಕೊಕ್ಕಿನ ತುದಿ ಬರೀ ಗಟ್ಟಿ ಕೊಂಬಲ್ಲ. ಅದರ ಒಳಗೆ ಸ್ಪರ್ಶ ಮತ್ತು ಒತ್ತಡವನ್ನು ಗ್ರಹಿಸುವ ಸಾವಿರಾರು ಸೂಕ್ಷ್ಮ ನರತುದಿಗಳಿವೆ. ಹುಳ ಅಲುಗಿದರೆ ತಿಳಿಯುತ್ತದೆ. ರೆಡ್ ನಾಟ್ ಎಂಬ ಹಕ್ಕಿ ಇನ್ನೂ ಒಂದು ಹೆಜ್ಜೆ ಮುಂದೆ: ಒದ್ದೆ ಮರಳಿಗೆ ಕೊಕ್ಕು ಚುಚ್ಚಿದಾಗ ಮರಳಿನ ಕಣಗಳ ನಡುವಿನ ನೀರಿನಲ್ಲಿ ಏಳುವ ಒತ್ತಡ ಹತ್ತಿರದ ಚಿಪ್ಪಿಗೆ ತಡೆದು ಬದಲಾಗುವುದನ್ನು ಅದು ಗುರುತಿಸಬಲ್ಲದು. ಜೊತೆಗೆ ಈ ಬಳಗದ ಹಲವು ಹಕ್ಕಿಗಳು ಕೊಕ್ಕನ್ನು ಪೂರ್ತಿ ತೆರೆಯದೆ ತುದಿಯನ್ನಷ್ಟೇ ಚಿಮಟದಂತೆ ತೆರೆದು, ಕೆಸರಿನೊಳಗೇ ಹುಳ ಹಿಡಿಯುತ್ತವೆ.

ಇನ್ನು ಅಲೆಯೊಂದಿಗೆ ಓಡುವ ಸ್ಯಾಂಡರ್ಲಿಂಗ್. ಅಲೆ ಸರಿದ ಕ್ಷಣದಲ್ಲಿ ಮರಳು ಮೆತ್ತಗಿರುತ್ತದೆ, ಅದರಲ್ಲಿನ ಸಣ್ಣ ಮರಳೇಡಿಗಳು ಮತ್ತೆ ಹೂತುಕೊಳ್ಳುವ ಗಡಿಬಿಡಿಯಲ್ಲಿರುತ್ತವೆ. ಅವು ಮಾಯವಾಗುವ ಮೊದಲು ಹೆಕ್ಕಬೇಕು, ಮುಂದಿನ ಅಲೆಗೆ ಸಿಗಬಾರದು. ಆಟದಂತೆ ಕಾಣುವ ಆ ಓಟ ಶುದ್ಧ ದುಡಿಮೆ. ಹಿಂದಿನ ಬೆರಳೇ ಇಲ್ಲದ ಪಾದ ಆ ಓಟಕ್ಕೆ ಹೇಳಿ ಮಾಡಿಸಿದಂತಿದೆ.

ಎಲ್ಲವೂ ಒಂದೇ ಥರ ಕಾಣುತ್ತವಲ್ಲ!

ಹೌದು, ಕಾಣುತ್ತವೆ. ಚಳಿಗಾಲದಲ್ಲಿ ಇವೆಲ್ಲ ಬೂದು-ಕಂದು ಉಡುಗೆಯಲ್ಲಿರುತ್ತವೆ. ಹೊಸಬರು ಪುಸ್ತಕ ಹಿಡಿದು ಗರಿಗಳ ಗೆರೆ ಎಣಿಸಲು ಹೋದರೆ ಮೊದಲ ದಿನವೇ ಬೇಸರ ಬರುತ್ತದೆ. ಗರಿ ಬಿಡಿ. ಮೊದಲು ಕೊಕ್ಕು ತಲೆಗಿಂತ ಉದ್ದವೋ ಗಿಡ್ಡವೋ ನೋಡಿ, ಆಮೇಲೆ ಕಾಲಿನ ಬಣ್ಣ, ಆಮೇಲೆ ನಡೆಯುವ ರೀತಿ.

ಕಲ್ಲು ಅಥವಾ ನದಿಯಂಚಿನಲ್ಲಿ ಒಂಟಿಯಾಗಿ, ಬಾಲವನ್ನು ಸದಾ ಮೇಲೆ ಕೆಳಗೆ ಕುಣಿಸುತ್ತಿದ್ದರೆ ಕಾಮನ್ ಸ್ಯಾಂಡ್‌ಪೈಪರ್. ಕಲಿಯಲು ಇದಕ್ಕಿಂತ ಒಳ್ಳೆಯ ಮೊದಲ ಹಕ್ಕಿ ಇಲ್ಲ. ಕಿತ್ತಳೆ-ಕೆಂಪು ಕಾಲು, ಹಾರುವಾಗ ರೆಕ್ಕೆಯ ಹಿಂದಂಚಿನಲ್ಲಿ ಅಗಲ ಬಿಳಿ ಪಟ್ಟಿ ಇದ್ದರೆ ರೆಡ್‌ಶ್ಯಾಂಕ್. ಅಳಿವೆಯಲ್ಲಿ ಎಲ್ಲರಿಗಿಂತ ಮೊದಲು ಕಿರುಚಿ ಉಳಿದವರನ್ನು ಎಚ್ಚರಿಸುವುದೂ ಅದೇ. ಕೆಳಕ್ಕೆ ಬಾಗಿದ ಕೊಕ್ಕಿನ ದೊಡ್ಡ ಹಕ್ಕಿ ಕಂಡರೆ ತಲೆ ನೋಡಿ: ನೆತ್ತಿಯ ಮೇಲೆ ಪಟ್ಟೆಗಳಿದ್ದು ಕೊಕ್ಕು ಸ್ವಲ್ಪ ಗಿಡ್ಡವಾಗಿದ್ದರೆ ವಿಂಬ್ರೆಲ್, ಪಟ್ಟೆಯಿಲ್ಲದೆ ಕೊಕ್ಕು ಅತಿ ಉದ್ದವಾಗಿದ್ದರೆ ಕರ್ಲ್ಯೂ. ಕಪ್ಪು ಕೊಕ್ಕು, ಕಪ್ಪು ಕಾಲು, ಬಹಳ ಬಿಳಿಚಿದ ಮೈ, ಅಲೆಯಂಚಿನ ಓಟ, ಇಷ್ಟಿದ್ದರೆ ಸ್ಯಾಂಡರ್ಲಿಂಗ್. ಕತ್ತಿನ ಹಿಂದೆ ಪೂರ್ತಿ ಬಿಳಿ ಪಟ್ಟಿಯಿರುವ ಪುಟ್ಟ ಪ್ಲವರ್ ಕೆಂಟಿಶ್, ಪಟ್ಟಿಯಿಲ್ಲದಿದ್ದರೆ ಸ್ಯಾಂಡ್ ಪ್ಲವರ್. ದೊಡ್ಡ ಸ್ಯಾಂಡ್ ಪ್ಲವರ್ ಯಾವುದು, ಸಣ್ಣದು ಯಾವುದು ಎಂಬ ಜಗಳ ಅನುಭವಿಗಳ ನಡುವೆಯೂ ಮುಗಿದಿಲ್ಲ. ಮೊದಲ ವರ್ಷ ಅದರ ಗೊಡವೆ ಬೇಡ.

ವಿಜ್ಞಾನಿಗಳಿಗೂ ಇಲ್ಲಿ ಕೆಲಸ ಬಾಕಿಯಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಮರಿ ಮಾಡುವ, ಕೆಂಟಿಶ್ ಪ್ಲವರ್ ಎಂದೇ ತಿಳಿದಿದ್ದ ಹಕ್ಕಿ ಬೇರೆಯದೇ ಜಾತಿ ಎಂದು ತೀರ್ಮಾನವಾದದ್ದು 2023ರಲ್ಲಿ. ಈಗ ಅದರ ಹೆಸರು ಹನುಮಾನ್ ಪ್ಲವರ್.

ಯಾವ ತಿಂಗಳು? ಆಗಸ್ಟಿನಿಂದಲೇ ಮೊದಲ ಗುಂಪುಗಳು ಇಳಿಯುತ್ತವೆ. ನವೆಂಬರಿನಿಂದ ಫೆಬ್ರವರಿ ತುಂಬು ಕಾಲ. ಆದರೆ ನನ್ನನ್ನು ಕೇಳಿದರೆ ಏಪ್ರಿಲ್ ಬಿಡಬೇಡಿ. ಬಿಸಿಲು ಸುಡುತ್ತದೆ, ಸಂಖ್ಯೆಯೂ ಕಡಿಮೆ, ನಿಜ. ಹೊರಡುವ ಮುನ್ನ ಹಕ್ಕಿಗಳು ಮದುವೆಯ ಉಡುಗೆ ತೊಡುವುದು ಆಗಲೇ. ಬೂದು ಸ್ಯಾಂಡ್ ಪ್ಲವರ್‌ನ ಎದೆ ಕಿತ್ತಳೆಯಾಗುತ್ತದೆ, ಕರ್ಲ್ಯೂ ಸ್ಯಾಂಡ್‌ಪೈಪರ್ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಎಲ್ಲಿಗೆ ಹೋಗುವುದು?

ಜನ ಸೇರುವ ನೇರ ಮರಳ ದಂಡೆಗಿಂತ ನದಿ ಕಡಲು ಸೇರುವ ಜಾಗ ಮೇಲು. ನದಿ ತರುವ ಹೂಳು, ಕೊಳೆತ ಎಲೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನೆರಳು ಕೆಸರಿನ ಜೀವಿಗಳನ್ನು ಸಾಕುತ್ತವೆ. ಕಾರವಾರದಲ್ಲಿ ಕಾಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ-ಸೀತಾ, ಸಸಿಹಿತ್ಲುವಿನಲ್ಲಿ ಶಾಂಭವಿ-ನಂದಿನಿ, ಮಂಗಳೂರಿನಲ್ಲಿ ನೇತ್ರಾವತಿ-ಫಲ್ಗುಣಿ. ಇವುಗಳಲ್ಲಿ ಅಘನಾಶಿನಿಗೆ ದೊಡ್ಡ ಅಣೆಕಟ್ಟೆಯಿಲ್ಲ. ರಾಮ್ಸಾರ್ ಪಟ್ಟಿಯಲ್ಲಿ ಅದರ ವಿಸ್ತೀರ್ಣ 4,801 ಹೆಕ್ಟೇರ್. ಕೈರಂಪಣಿ ಬಲೆ ಎಳೆಯುವ ದಂಡೆಗಳಲ್ಲಿ ಕಡಲಕಾಗೆ ಮತ್ತು ರೀವಗಳು ಹತ್ತಿರದಿಂದ ಸಿಗುತ್ತವೆ.

ಸಾಧನ ಹೆಚ್ಚು ಬೇಡ. 8x42 ಎಂದು ಬರೆದ ಬೈನಾಕ್ಯುಲರ್ ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಕೆಸರಿಗೆ ಇಳಿಯಬೇಡಿ. ಅದು ಮೊಣಕಾಲವರೆಗೆ ಹಿಡಿದುಕೊಳ್ಳುವ ಜಾಗಗಳಿವೆ, ಏರುವ ನೀರು ಹಿಂದಿನಿಂದ ಕಾಲುವೆಗಳನ್ನು ತುಂಬುವುದು ಗೊತ್ತೇ ಆಗುವುದಿಲ್ಲ.

ಫೋಟೊ: ಬೆಳಗ್ಗೆ ಬೆಳಕು ನಮ್ಮ ಕಡೆ

ನಮ್ಮದು ಪಡುವಣ ಕಡಲು. ಬೆಳಗ್ಗೆ ಸೂರ್ಯ ಘಟ್ಟದ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ ಬರುತ್ತಾನೆ. ಕಡಲಿಗೆ ಮುಖ ಮಾಡಿ ಕೂತರೆ ಅಲೆಯಂಚಿನ ಹಕ್ಕಿಯ ಮೇಲೆ ಬೆಳಕು ನೇರ ಬಿದ್ದು ಕಣ್ಣಿನ ಹೊಳಪೂ ಗರಿಯ ಅಂಚೂ ಸ್ಪಷ್ಟ ಮೂಡುತ್ತವೆ. ಸಂಜೆ ಇದು ತಿರುಗುಮುರುಗು. ಸೂರ್ಯ ಹಕ್ಕಿಯ ಹಿಂದೆ, ನಿಮಗೆ ಸಿಗುವುದು ಬಂಗಾರದ ನೀರಿನ ಮೇಲೆ ಕಪ್ಪು ಆಕೃತಿ. ಚೆಂದದ ಚಿತ್ರವೇ, ಆದರೆ ಯಾವ ಹಕ್ಕಿ ಎಂದು ಆಮೇಲೆ ಗುರುತಿಸಲಾಗದು. ಒಂಬತ್ತೂವರೆ ದಾಟಿದ ಮೇಲೆ ಬಿಸಿ ಮರಳಿನಿಂದ ಏಳುವ ಗಾಳಿ ನಡುಗತೊಡಗುತ್ತದೆ. ಆಗ ಎಷ್ಟು ದುಬಾರಿ ಲೆನ್ಸ್ ಆದರೂ ದೂರದ ಹಕ್ಕಿ ಮಸುಕೇ. ಅದು ಫೋಕಸ್‌ನ ತಪ್ಪಲ್ಲ. ಕ್ಯಾಮೆರಾ ಮುಚ್ಚಿ ತಿಂಡಿಗೆ ಹೋಗುವ ಹೊತ್ತು.

ನಿಂತು ತೆಗೆದ ಫೋಟೊದಲ್ಲಿ ಹಕ್ಕಿಯ ಹಿಂದೆ ಬರೀ ಮರಳು. ನೆಲಕ್ಕೆ ಒರಗಿ, ಕ್ಯಾಮೆರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ತಂದರೆ ಹಿನ್ನೆಲೆ ದೂರ ಸರಿದು ಮಂಜಾಗುತ್ತದೆ, ಹಕ್ಕಿ ಎದ್ದು ಕಾಣುತ್ತದೆ. ಇನ್ನೊಂದು ಲಾಭ, ನಿಂತ ಮನುಷ್ಯನಿಗೆ ಹೆದರುವ ಹಕ್ಕಿ ಮಲಗಿದವನಿಗೆ ಅಷ್ಟು ಹೆದರುವುದಿಲ್ಲ. ಮೈ ಕೈ ಮರಳಾಗುತ್ತದೆ, ಆಗಲಿ.

ವೇಗದ ಲೆಕ್ಕ ಹೀಗಿಡಿ. ಶಟರ್ ಎಂದರೆ ಕ್ಯಾಮೆರಾ ಕಣ್ಣು ತೆರೆದಿರುವ ಹೊತ್ತು. ನಿಂತ ಹಕ್ಕಿಗೆ ಸೆಕೆಂಡಿನ 1/500 ಸಾಕಾದೀತು, ಓಡುವುದಕ್ಕೆ 1/1600, ಹಾರುವುದಕ್ಕೆ 1/2500 ಅಥವಾ ಇನ್ನೂ ಚುರುಕು. ಫೋಕಸನ್ನು ಸದಾ ಹಿಂಬಾಲಿಸುವ ವಿಧಾನದಲ್ಲಿಟ್ಟು ಕಣ್ಣಿನ ಮೇಲೆ ನಿಲ್ಲಿಸಿ. 400 ಮಿ.ಮೀ. ಲೆನ್ಸ್ ಇದ್ದರೆ ಒಳ್ಳೆಯ ಆರಂಭ.

ಬೆಳಕಿನ ವಿಷಯದಲ್ಲಿ ಕಡಲು ಕ್ಯಾಮೆರಾಕ್ಕೆ ಮೋಸ ಮಾಡುತ್ತದೆ. ಕ್ಯಾಮೆರಾ ಎದುರಿನದೆಲ್ಲ ನಡು ಬೂದು ಎಂದುಕೊಂಡು ಲೆಕ್ಕ ಹಾಕುತ್ತದೆ. ಗಾಢ ನೀಲಿ ಅಲೆಯ ಮುಂದೆ ಬಿಳಿ ಸ್ಯಾಂಡರ್ಲಿಂಗ್ ನಿಂತರೆ, ಕ್ಯಾಮೆರಾ ಕತ್ತಲೆಯೆಂದು ತಿಳಿದು ಬೆಳಕು ಹೆಚ್ಚಿಸಿ, ಹಕ್ಕಿಯ ಬಿಳುಪಿನಲ್ಲಿ ಒಂದು ಗರಿಯೂ ಉಳಿಯುವುದಿಲ್ಲ. ಆಗ ಎಕ್ಸ್‌ಪೋಷರ್, ಎಂದರೆ ಚಿತ್ರಕ್ಕೆ ಸಿಗುವ ಬೆಳಕು, ತುಸು ಇಳಿಸಿ. ನೊರೆ ತುಂಬಿದ ಬಿಳಿ ಹಿನ್ನೆಲೆಯ ಮುಂದೆ ಕಂದು ಹಕ್ಕಿಯಿದ್ದರೆ ತುಸು ಏರಿಸಿ. ದಿಗಂತದ ಗೆರೆ ಓರೆಯಾಗಿದ್ದರೆ ಕಡಲು ಒಂದು ಕಡೆ ಚೆಲ್ಲಿದಂತೆ ಕಾಣುತ್ತದೆ, ಗಮನಿಸಿ. ದಂಡೆಯಲ್ಲಿ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದೊಡನೆ ತುಸು ತೇವದ ಬಟ್ಟೆಯಿಂದ ಉಪ್ಪು ಒರೆಸಿ. ಒಣ ಬಟ್ಟೆಯಿಂದ ಉಜ್ಜಿದರೆ ಮರಳು ಗಾಜನ್ನು ಗೀರುತ್ತದೆ.

ಬರೀ ಮೊಬೈಲ್ ಇದ್ದವರು ಒಂಟಿ ಹಕ್ಕಿಯ ಹಿಂದೆ ಬೀಳುವುದು ವ್ಯರ್ಥ. ಅಲೆ, ಆಕಾಶ, ನಡುವೆ ಸಾಲುಗಟ್ಟಿದ ಗುಂಪು, ಇಂಥ ಅಗಲ ಚಿತ್ರ ಮೊಬೈಲಿಗೆ ಒಗ್ಗುತ್ತದೆ. ಓಡಾಟದ ವಿಡಿಯೊ ಇನ್ನೂ ಚೆನ್ನ.

ಒಮ್ಮೆ ಹಾರಿಸಿದರೆ ಏನು ಮಹಾ?

ಹಾರಾಟ ಹಕ್ಕಿಗೆ ಅತಿ ದುಬಾರಿಯ ಕೆಲಸ. ಇಳಿತದಲ್ಲಿ ಹಾರಿಸಿದರೆ ಪಂಕ್ತಿಯ ಹೊತ್ತು ಕಳೆಯಿತು, ಉಬ್ಬರದಲ್ಲಿ ಹಾರಿಸಿದರೆ ಕೂಡಿಟ್ಟ ಕೊಬ್ಬು ಕರಗಿತು. ನೀವು ಹಾರಿಸಿದ್ದು ಒಮ್ಮೆಯೇ ಇರಬಹುದು. ನಿಮ್ಮ ಹಿಂದೆ ನಾಯಿ ಬರುತ್ತದೆ, ಅದರ ಹಿಂದೆ ಬೈಕು, ಆಮೇಲೆ ಡ್ರೋನ್. ಹಕ್ಕಿಯ ಲೆಕ್ಕದಲ್ಲಿ ಅವೆಲ್ಲ ಒಟ್ಟುಗೂಡುತ್ತವೆ. ಅದರಲ್ಲೂ ಮಾರ್ಚ್-ಏಪ್ರಿಲಿನಲ್ಲಿ, ಮರುಪ್ರಯಾಣಕ್ಕೆ ಕೊಬ್ಬು ತುಂಬಿಕೊಳ್ಳುವ ಹೊತ್ತಿನಲ್ಲಿ, ಈ ನಷ್ಟ ತುಂಬಿಕೊಳ್ಳಲು ದಿನಗಳು ಉಳಿದಿರುವುದಿಲ್ಲ.

ಎಷ್ಟು ದೂರ ಸಾಕು ಎಂಬುದಕ್ಕೆ ಮೀಟರಿನ ಲೆಕ್ಕವಿಲ್ಲ. ಜಾತಿಗೊಂದು, ಜಾಗಕ್ಕೊಂದು. ದೊಡ್ಡ ಕರ್ಲ್ಯೂ ಬಲು ದೂರದಿಂದಲೇ ಹಾರುತ್ತದೆ, ಸ್ಯಾಂಡರ್ಲಿಂಗ್ ಹತ್ತಿರ ಬಿಡುತ್ತದೆ. ಅಳತೆಗೋಲು ಹಕ್ಕಿಯ ಬಳಿಯೇ ಇದೆ. ತಿನ್ನುತ್ತಿದ್ದುದು ನಿಲ್ಲಿಸಿ ತಲೆಯೆತ್ತಿತೆ? ನಿಲ್ಲಿ. ಎಲ್ಲವೂ ಒಂದೇ ಕಡೆಗೆ ನಡೆಯತೊಡಗಿದವೆ? ಹಿಂದೆ ಸರಿಯಿರಿ. ಒಂಟಿ ಕಾಲಿನ ನಿದ್ದೆಯ ಹಕ್ಕಿ ಅದೇ ಕಾಲಿನಲ್ಲಿ ಕುಪ್ಪಳಿಸುತ್ತ ದೂರ ಹೋಗುತ್ತಿದ್ದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ.

ನೇರ ಅದರತ್ತ ನಡೆಯುವುದು ಬೇಟೆಗಾರನ ನಡಿಗೆ. ಅದಕ್ಕಿಂತ, ನೀರು ಏರುವ ದಿಕ್ಕು ನೋಡಿ, ಹಕ್ಕಿಗಳು ಬರಲಿರುವ ಕಡೆ ಮುಂಚೆಯೇ ಹೋಗಿ ಕೂರುವುದು ಜಾಣತನ. ಕಾಲು ಗಂಟೆ ಅಲುಗದೆ ಕೂತರೆ ಅವೇ ಹತ್ತಿರ ಬರುತ್ತವೆ. ಹಾರುವ ಗುಂಪಿನ ಚಿತ್ರ ಬೇಕೆ? ಗರುಡ ಒಮ್ಮೆ ಮೇಲೆ ಸುತ್ತಿದರೆ ಸಾಕು, ಅವು ತಾವಾಗಿಯೇ ಏಳುತ್ತವೆ, ಕಾಯಿರಿ. ಬೇಸಿಗೆಯಲ್ಲಿ ಒಣ ಮರಳಿನ ಮೇಲೆ ಪುಟ್ಟ ಪ್ಲವರ್ ಒಂದು ರೆಕ್ಕೆ ಮುರಿದಂತೆ ಎಳೆದುಕೊಂಡು ಓಡಿದರೆ ಹತ್ತಿರದಲ್ಲೇ ಮೊಟ್ಟೆಯೋ ಮರಿಯೋ ಇದೆ ಎಂದರ್ಥ. ಕ್ಯಾಮೆರಾ ಎತ್ತದೆ, ಕಾಲಡಿ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದಿರುಗಿ.

ತೆಗೆದ ಫೋಟೊ ಯಾರಿಗೆ ಬೇಕು?

ಅಪಾಯದ ವರ್ಗಕ್ಕೆ ಜಾರಿದ ಆ 16 ಜಾತಿಗಳ ಇಳಿಕೆ ಗೊತ್ತಾದದ್ದು ವರ್ಷಗಟ್ಟಲೆ ನಡೆದ ಎಣಿಕೆಗಳಿಂದ. ಆ ಎಣಿಕೆಯ ಬಹುಪಾಲು ನಿಮ್ಮಂಥ ಸಾಮಾನ್ಯರದೇ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. ಹೊಸಬರೂ ಸೇರಬಹುದು. ಉಳಿದ ದಿನಗಳಲ್ಲಿ ಇಬರ್ಡ್ ಎಂಬ ಉಚಿತ ಆ್ಯಪಿನಲ್ಲಿ ಜಾಗ, ಸಮಯ, ಕಂಡ ಹಕ್ಕಿಗಳ ಸಂಖ್ಯೆ ದಾಖಲಿಸಿದರೆ ಅದು ವಿಜ್ಞಾನಿಗಳಿಗೆ ತಲುಪುತ್ತದೆ. ಹೆಸರು ಗೊತ್ತಾಗದಿದ್ದರೆ ಮರ್ಲಿನ್ ಎಂಬ ಇನ್ನೊಂದು ಆ್ಯಪ್ ಫೋಟೊ ನೋಡಿ ಊಹೆ ಹೇಳುತ್ತದೆ. ಗೊರವಗಳಲ್ಲಿ ಅದೂ ಎಡವುತ್ತದೆ, ಕಣ್ಣುಮುಚ್ಚಿ ನಂಬಬೇಡಿ.

ಗುಂಪಿನಲ್ಲಿ ಎಷ್ಟಿವೆ ಎಂದು ಒಂದೊಂದೇ ಎಣಿಸಲು ಆಗುವುದಿಲ್ಲ. ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಲ್ಲಿ ಅಳೆದು, ಅಂಥ ಎಷ್ಟು ತುಂಡು ಗುಂಪಿನಲ್ಲಿವೆ ಎಂದು ನೋಡಿ. ಅಗಲವಾದ ಒಂದು ಫೋಟೊ ತೆಗೆದು ಮನೆಯಲ್ಲಿ ಎಣಿಸುವುದು ಇನ್ನೂ ನಿಖರ.

ಫೋಟೊ ದೊಡ್ಡದು ಮಾಡಿ ನೋಡುವಾಗ ಕಾಲುಗಳ ಮೇಲೂ ಕಣ್ಣಾಡಿಸಿ. ಕೆಲವು ಹಕ್ಕಿಗಳ ಕಾಲಿಗೆ ಸಂಶೋಧಕರು ಲೋಹದ ಉಂಗುರ, ಬಣ್ಣದ ಪುಟ್ಟ ಪಟ್ಟಿ ತೊಡಿಸಿರುತ್ತಾರೆ. ಪಟ್ಟಿಯ ಬಣ್ಣ ಯಾವುದು, ಎಡಗಾಲೋ ಬಲಗಾಲೋ, ಮೊಣಕಾಲಿನ ಗಂಟಿನ ಮೇಲೋ ಕೆಳಗೋ, ಅಕ್ಷರಗಳೇನು, ಇಷ್ಟನ್ನು ಬರೆದಿಟ್ಟುಕೊಂಡು, ದಿನಾಂಕ ಮತ್ತು ಜಾಗದೊಂದಿಗೆ ಫೋಟೊವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಬಹುದು. ಭಾರತದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ದಶಕಗಳಿಂದ ಮಾಡುತ್ತ ಬಂದಿರುವ ಸಂಸ್ಥೆ ಅದು. ಬೇರೆ ದೇಶದಲ್ಲಿ ತೊಡಿಸಿದ ಪಟ್ಟಿಯಾದರೆ ಅದರ ಬಣ್ಣಗಳ ಜೋಡಣೆಯಿಂದಲೇ ಯಾವ ದೇಶದ್ದೆಂದು ಗೊತ್ತಾಗುತ್ತದೆ. ಅಕ್ಷರ ಮಸುಕಾಗಿದ್ದರೂ ಫೋಟೊ ಅಳಿಸಬೇಡಿ, ಬಣ್ಣ ಕಂಡರೂ ಸಾಕು.